ಹೆಲ್ಮೆಟ್ಟಿನಲ್ಲಿ ಐದು ಚೀಟಿ

"ಇನ್ನು ಮುಂದೆ ಈ ಮನೆಯಲ್ಲಿ ನಾನು ಸೋಲೋದಿಲ್ಲ!" ಎಂದು ಶೇಕಡಾ ಸಾಹೇಬರು ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದರು. ಮರುಕ್ಷಣವೇ, ವೃತ್ತಿಧರ್ಮಕ್ಕೆ ಅಪಚಾರವಾಗಬಾರದೆಂದು, "ಅಂದ್ರೆ, ಸೋಲದೇ ಇರೋ ಸಾಧ್ಯತೆ ಶೇಕಡಾ ಇಪ್ಪತ್ತು" ಎಂದು ತಿದ್ದಿಕೊಂಡರು.

ಸಾಹೇಬರು ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವವರು. "ನಾಳೆ ಮಳೆ ಬರುವ ಸಾಧ್ಯತೆ ಶೇಕಡಾ ಇಷ್ಟು" ಎಂದು ಇಪ್ಪತ್ತೆರಡು ವರ್ಷ ಬರೆದೂ ಬರೆದೂ ಆ ಶೇಕಡಾ ಅವರ ನಾಲಿಗೆಗೆ ಅಂಟಿಕೊಂಡು, ನಾಲಿಗೆಯಿಂದ ಹೆಸರಿಗೂ ಅಂಟಿಕೊಂಡಿತ್ತು. "ಬಾಗಿಲಿಗೆ ಬೀಗ ಹಾಕಿದ್ರಾ?" ಎಂದು ಕೇಳಿದರೆ "ಶೇಕಡಾ ಎಂಬತ್ತು" ಎನ್ನುತ್ತಿದ್ದರು. ಉಳಿದ ಇಪ್ಪತ್ತಕ್ಕಾಗಿ ಹೆಂಡತಿ ಅರ್ಧ ದಾರಿಯಿಂದ ಕಾರು ತಿರುಗಿಸಬೇಕಾಗುತ್ತಿತ್ತು.

ಕಾರು ತಿರುಗಿಸುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಆಕೆ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಕಲಿಯಲು ಬಂದವರೆಲ್ಲ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು; ಪಕ್ಕದ ಸೀಟಿನಲ್ಲಿ ಕೂತರೂ ಆಕೆಯ ಕಾಲ ಕೆಳಗೊಂದು ಬ್ರೇಕ್ ಇರುತ್ತಿತ್ತು. ಮನೆಯಲ್ಲೂ ಅಷ್ಟೇ. ಸಾಹೇಬರು ಯಾವ ಗೇರಿನಲ್ಲಿ ಹೊರಟರೂ ಬ್ರೇಕ್ ಬೀಳುವುದು ಆ ಕಡೆಯಿಂದಲೇ.

ಇವರಿಬ್ಬರ ಜೊತೆ ಆ ಮನೆಯಲ್ಲಿ ಇನ್ನೂ ಮೂವರಿದ್ದರು. ಮೊದಲನೆಯವರು ಸಾಹೇಬರ ತಾಯಿ. ಜೀವಮಾನವಿಡೀ ಮಕ್ಕಳ ಫ್ರಾಕು ಹೊಲಿದು ಬೀದಿಯ ಅರ್ಧ ಹೆಣ್ಣುಮಕ್ಕಳನ್ನು ಸಿಂಗರಿಸಿದವರು. ಎರಡನೆಯವರು ಮೇಡಂ ಅವರ ತಂದೆ, ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದ ಮಾವ. ಊಟಕ್ಕೆ ಏಳುವಾಗಲೂ ಪ್ಲಾಟ್‌ಫಾರ್ಮ್ ಬಿಡುವವರಂತೆ ಹಿಂದೆ ಮುಂದೆ ನೋಡುತ್ತಿದ್ದರು. ಮೂರನೆಯವಳು ಮಗಳು. ಕಾನೂನು ಓದಲು ಸೇರಿ ಆರು ತಿಂಗಳಾಗಿತ್ತು, ವಾದ ಮಾಡಲು ಶುರುಮಾಡಿ ಹದಿನೆಂಟು ವರ್ಷ.

ಐದು ಜನರ ಮನೆ. ಹೀಗಾಗಿ ಯಾವುದೇ ವಿಷಯವಿರಲಿ, ಕೈ ಎತ್ತಿಸಿ ತೀರ್ಮಾನ. ಇದನ್ನು ಉಳಿದವರು ಬಹುಮತ ಎನ್ನುತ್ತಿದ್ದರು. ಸಾಹೇಬರು ಮಾತ್ರ ಬಾಹುಮತ ಎನ್ನುತ್ತಿದ್ದರು. ಏಕೆಂದರೆ ಎಲ್ಲ ಸಲವೂ ನಾಲ್ಕು ಬಾಹುಗಳು ಒಂದು ಕಡೆ, ಅವರ ಬಾಹು ಇನ್ನೊಂದು ಕಡೆ. ಬೆಟ್ಟಕ್ಕೆ ಪ್ರವಾಸ ಹೋಗೋಣ ಎಂದರು, ಎಲ್ಲರೂ ಸಮುದ್ರಕ್ಕೆ ಹೋದರು. ಮರುವರ್ಷ ಉಪಾಯವಾಗಿ ಸಮುದ್ರ ಎಂದರು, ಎಲ್ಲರೂ ಬೆಟ್ಟಕ್ಕೆ ಹೋದರು! ಸೋಫಾ ವಿಷಯದಲ್ಲಿ ಸೋತರು, ಟಿವಿ ಎಲ್ಲಿಡಬೇಕೆಂಬುದರಲ್ಲಿ ಸೋತರು, ಬೆಕ್ಕು ಬೇಡ ಎಂದು ಸೋತರು. ಆ ಬೆಕ್ಕು ಈಗ ಅವರ ಕುರ್ಚಿಯಲ್ಲೇ ಮಲಗುತ್ತಿತ್ತು. ಹನ್ನೊಂದು ಮತದಾನ, ಹನ್ನೊಂದು ಸೋಲು.

ಹನ್ನೆರಡನೆಯದು ಬಂದದ್ದು ಬಣ್ಣದ ರೂಪದಲ್ಲಿ. ಮನೆಗೆ ಬಣ್ಣ ಹೊಡೆಸಬೇಕಿತ್ತು. ಹಿರಿಯರಿಬ್ಬರ ಕೋಣೆಗಳಿಗೆ ಹೋದ ವರ್ಷವೇ ಆಗಿತ್ತು. ನಡುಮನೆ, ಅಡುಗೆಮನೆ, ಗಂಡಹೆಂಡಿರ ಕೋಣೆ, ಮಗಳ ಕೋಣೆ ಮತ್ತು ಬೀದಿಗೆ ಕಾಣುವ ಹೊರಗೋಡೆ ಬಾಕಿ ಇದ್ದವು. ಪೇಂಟರ್ ಸೋಮವಾರ ಬರುವವನಿದ್ದ. ಸಾಹೇಬರಿಗೆ ಬೇಕಾದದ್ದು ಒಂದೇ ಬಣ್ಣ, ಮಳೆಮೋಡದ ಬೂದು. ಆ ಬಣ್ಣ ನೋಡಿದರೆ ಅವರ ಮನಸ್ಸು ತಣ್ಣಗಾಗುತ್ತಿತ್ತು. ಉಳಿದ ನಾಲ್ವರ ಮುಖ ಬಾಡುತ್ತಿತ್ತು. ಕೈ ಎತ್ತಿಸಿದರೆ ಏನಾಗುವುದೆಂದು ಹೇಳಲು ಹವಾಮಾನ ಕಚೇರಿ ಬೇಕಿರಲಿಲ್ಲ.

ಅದಕ್ಕೇ ಆ ಶನಿವಾರದ ಘೋಷಣೆ.

"ಬಹುಮತ ಅನ್ನೋದು ದಬ್ಬಾಳಿಕೆ!" ಎಂದು ಸಾಹೇಬರು ಎದ್ದು ನಿಂತರು. "ಐವತ್ತೊಂದು ಜನ ಒಂದು ಕಡೆ ಇದ್ರೆ ನಲವತ್ತೊಂಬತ್ತು ಜನ ಹುಟ್ಟೇ ಇಲ್ಲ ಅಂದ ಹಾಗೆ! ಇನ್ಮೇಲೆ ನಮ್ಮನೇಲಿ ಚೀಟಿ. ಐದು ಜನ ಐದು ಚೀಟಿ ಬರೆಯೋದು, ಕಣ್ಣು ಮುಚ್ಚಿ ಒಂದನ್ನ ಎತ್ತೋದು. ಅದರಲ್ಲಿ ಏನಿದೆಯೋ ಅದೇ ತೀರ್ಮಾನ. ಮೂರು ಜನ ಒಂದೇ ಬಣ್ಣ ಬರೆದ್ರೆ ಅದು ಗೆಲ್ಲೋ ಸಾಧ್ಯತೆ ಶೇಕಡಾ ಅರವತ್ತು. ಒಬ್ಬನೇ ಬರೆದ್ರೆ ಇಪ್ಪತ್ತು. ಯಾರ ಮತಾನೂ ಸೊನ್ನೆ ಅಲ್ಲ!"

"ಚೀಟಿ ಅಂದ್ಮೇಲೆ ಚೀಟಿಂಗ್ ಇರಲ್ವೇನ್ರೀ?" ಎಂದರು ಮೇಡಂ.

"ಅದೇ ನೋಡು ಇದರ ಮಹಿಮೆ! ಕೈ ಎತ್ತೋದ್ರಲ್ಲಿ ಮೋಸ ಇದೆ. 'ನನ್ನದು ಹೇಗೂ ಗೆಲ್ಲಲ್ಲ, ಅವಳದ್ದಕ್ಕೆ ಕೈ ಎತ್ತೋಣ' ಅಂತ ಲೆಕ್ಕ ಹಾಕ್ತೀವಿ. ಇಲ್ಲಿ ನಿನ್ನ ಚೀಟಿ ಬಂದ್ರೆ ನೀನೇ ರಾಣಿ, ಬರದಿದ್ರೆ ನೀನು ಏನು ಬರೆದಿದ್ರೂ ಒಂದೇ. ಹಾಗಾಗಿ ಮನಸ್ಸಲ್ಲಿ ಇದ್ದದ್ದನ್ನೇ ಬರೆಯೋದು ಜಾಣತನ. ಬೇರೆ ಬರೆಯೋನು ಮೂರ್ಖ!"

"ಹಂಗಂದ್ರೆ ನಮ್ಮನೆ ಗೋಡೆ ಲಾಟರಿಗೆ ಬಿತ್ತು ಅನ್ನು" ಎಂದರು ತಾಯಿ.

"ಲಾಟರಿ ಅಲ್ಲಮ್ಮಾ, ಸಂಭವನೀಯ ಪ್ರಜಾಪ್ರಭುತ್ವ!"

"ಏನು ಸಂಭವಿಸುತ್ತೋ ನೋಡೇಬಿಡೋಣ ಅಳಿಯಂದ್ರೇ" ಎಂದು ಮಾವ ಹಸಿರು ಬಾವುಟ ತೋರಿಸುವವರಂತೆ ಕೈ ಬೀಸಿದರು.

ಮಗಳು ಅಷ್ಟರಲ್ಲೇ ಒಂದು ಹಾಳೆಯ ಮೇಲೆ ಒಪ್ಪಂದ ಬರೆದಿದ್ದಳು. ಪ್ರತಿ ಗೋಡೆಗೂ ಪ್ರತ್ಯೇಕ ಚೀಟಿ. ಸಂಬಂಧವಿಲ್ಲದ ಪೇಂಟರ್ ಎತ್ತಬೇಕು. ಎತ್ತಿದ್ದೇ ಅಂತಿಮ. ಮೇಲ್ಮನವಿ, ಕಣ್ಣೀರು, ಊಟ ಬಿಡುವುದು, ಯಾವುದನ್ನೂ ಪರಿಗಣಿಸಲಾಗುವುದಿಲ್ಲ. ಕೆಳಗೆ ಐವರೂ ಸಹಿ ಹಾಕಿದರು. ಸಾಹೇಬರದು ಎಲ್ಲರಿಗಿಂತ ದೊಡ್ಡ ಸಹಿ.

ಆಗ ಅವರಿಗೆ ಹೊಳೆಯದೇ ಹೋದ ಸಂಗತಿ ಒಂದಿತ್ತು. ಬಹುಮತ ಬೇಕಿದ್ದಾಗ ಎಲ್ಲರೂ ಒಬ್ಬರನ್ನೊಬ್ಬರು ಒಪ್ಪಿಸಬೇಕಿತ್ತು. ಇವರು ಒಂದು ಮೆಟ್ಟಿಲು ಇಳಿದು, ಅವರು ಒಂದು ಮೆಟ್ಟಿಲು ಇಳಿದು, ಕೊನೆಗೆ ಎಲ್ಲರೂ ಯಾರಿಗೂ ಕಣ್ಣು ಚುಚ್ಚದ ಒಂದು ಕೆನೆಬಣ್ಣಕ್ಕೆ ಬಂದು ನಿಲ್ಲುತ್ತಿದ್ದರು. ಈಗ ಯಾರೂ ಯಾರನ್ನೂ ಒಪ್ಪಿಸಬೇಕಿರಲಿಲ್ಲ. ಎಲ್ಲರೂ ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದರು. ಮನುಷ್ಯರ ಮನಸ್ಸಿನಲ್ಲಿ ಏನೇನಿರುತ್ತದೆಂದು ಗೊತ್ತಾದದ್ದೇ ಆಗ!

ಸೋಮವಾರ ಡ್ರೈವಿಂಗ್ ಸ್ಕೂಲಿನ ಹೆಲ್ಮೆಟ್ಟನ್ನು ತಲೆಕೆಳಗಾಗಿ ಹಿಡಿದು ಐದು ಚೀಟಿ ಹಾಕಿ ಕುಲುಕಿದರು. ಪೇಂಟರ್ ಕಣ್ಣು ಮುಚ್ಚಿ ಒಂದನ್ನು ಎತ್ತಿ ಬಿಡಿಸಿ ಓದಿದ. "ನಡುಮನೆ. ಕೆಳಗರ್ಧ ಕೆಂಪು, ಮೇಲರ್ಧ ಹಸಿರು, ಮಧ್ಯ ಬಿಳಿ ಪಟ್ಟಿ."

"ಮೂವತ್ತೈದು ವರ್ಷ ಈ ಎರಡು ಬಣ್ಣದಲ್ಲೇ ಅನ್ನ ತಿಂದಿದ್ದೀನಿ" ಎಂದು ಮಾವ ಕಣ್ಣೊರೆಸಿಕೊಂಡರು. ಬುಧವಾರ ಲೈಸೆನ್ಸ್ ಫಾರಂ ಕೊಡಲು ಬಂದ ಹೊಸ ವಿದ್ಯಾರ್ಥಿಯೊಬ್ಬ ನಡುಮನೆಯ ಕೆಂಪು ನೋಡಿ ಹೊಸಿಲಲ್ಲೇ ನಿಂತ. "ಒಳಗೆ ಬನ್ನಿ" ಎಂದರೂ ಬರಲಿಲ್ಲ. "ಇದು ಪರೀಕ್ಷೆ ಅಲ್ವಾ ಮೇಡಂ?" ಎಂದು ಕಣ್ಣು ಮಿಟುಕಿಸಿದ.

ಅಡುಗೆಮನೆಗೆ ಬಂದದ್ದು ಮಗಳ ಚೀಟಿ. "ಕಪ್ಪು. ಅಪ್ಪಟ ಕಪ್ಪು."

"ಅಡುಗೆಮನೆಗೆ ಕಪ್ಪಾ? ಯಾರಾದ್ರೂ ಬರೀತಾರೇನೇ ಹಾಗೆ?" ಎಂದು ಮೇಡಂ ಕೂಗಿದರು.

"ಅಪ್ಪ ಹೇಳಿದ್ದಲ್ವಾ, ಮನಸ್ಸಲ್ಲಿರೋದು ಬರೀರಿ ಅಂತ? ನನ್ನ ಮನಸ್ಸಲ್ಲಿ ಅದೇ ಇತ್ತು."

ಎರಡು ಕೋಟು ಒಣಗಿದ ಮೇಲೆ ಗೋಡೆಗೆ ನೇತುಹಾಕಿದ್ದ ಕಬ್ಬಿಣದ ಬಾಣಲೆ ಕಾಣೆಯಾಯಿತು. ಮೇಡಂ ಗೋಡೆಯನ್ನೆಲ್ಲ ಅಂಗೈಯಿಂದ ಸವರುತ್ತಾ ಹುಡುಕಿದರು. ತಾಯಿ ಬಾಗಿಲಲ್ಲಿ ನಿಂತು, "ಗ್ರಹಣ ಬಿಡೋಕೆ ಇನ್ನೂ ಎಷ್ಟು ಹೊತ್ತಿದೆಯೋ?" ಎಂದು ಮಗನನ್ನು ಕೇಳಿದರು. ಬೆಕ್ಕು ಕಪ್ಪು ಬೆಕ್ಕು. ಅದು ಅಡುಗೆಮನೆಯಲ್ಲಿ ಎಲ್ಲಿದೆಯೆಂದು ತಿಳಿಯುತ್ತಿದ್ದದ್ದು ಬಾಲ ತುಳಿದಾಗಲೇ.

ಗಂಡಹೆಂಡಿರ ಕೋಣೆಗೆ ಬಂದದ್ದು ಆ ತಾಯಿಯದೇ ಚೀಟಿ. ಗುಲಾಬಿ ಬಣ್ಣ, ಮೇಲೆ ಬೆಳ್ಳಿಯ ಪುಟ್ಟ ಪುಟ್ಟ ಹೂವು. "ಅಂಥ ಬಟ್ಟೇಲಿ ಒಂದು ಫ್ರಾಕ್ ಹೊಲೀಬೇಕು ಅಂತ ನಂಗೆ ತುಂಬಾ ಆಸೆ ಇತ್ತು ಕಣೋ. ಥಾನು ಸಿಗಲೇ ಇಲ್ಲ. ಗೋಡೆ ಆದ್ರೂ ಸಿಕ್ತಲ್ಲ!" ಐವತ್ತು ದಾಟಿದ ಸಾಹೇಬರು ಮೂರು ವರ್ಷದ ಮಗುವಿನ ಫ್ರಾಕಿನೊಳಗೆ ಮಲಗಿ ಎದ್ದರು.

ಮಗಳ ಕೋಣೆಗೆ ಮೇಡಂ ಚೀಟಿ ಎದ್ದಿತು. "ಬಿಳಿ. ಕಸ ಕಾಣಬೇಕು."

"ಅಮ್ಮಾ, ಇದು ಮಾನವಹಕ್ಕು ಉಲ್ಲಂಘನೆ!"

"ಮೇಲ್ಮನವಿ ಇಲ್ಲ ಅಂತ ಬರೆದೋಳು ನೀನೇ. ಪೊರಕೆ ಬಾಗಿಲ ಹಿಂದಿದೆ."

ಹೀಗೆ ನಾಲ್ಕು ಗೋಡೆ, ನಾಲ್ಕು ಜನ, ನಾಲ್ಕು ಗೆಲುವು! ಈ ಪ್ರಜಾಪ್ರಭುತ್ವದ ಪಿತಾಮಹರಿಗೆ ಮಾತ್ರ ಸೊನ್ನೆ. "ಐದರಲ್ಲಿ ಒಬ್ಬನಾದವನು ಸತತ ನಾಲ್ಕು ಸಲ ಸೋಲೋ ಸಾಧ್ಯತೆ ಶೇಕಡಾ ನಲವತ್ತೊಂದು. ಇದರಲ್ಲಿ ಅಸಹಜ ಏನೂ ಇಲ್ಲ" ಎಂದು ಅವರು ಎಲ್ಲರಿಗೂ ಹೇಳಿದರು. ಕೇಳದಿದ್ದವರಿಗೂ ಹೇಳಿದರು. ಗುಲಾಬಿ ಗೋಡೆಗೆ ಮುಖ ಮಾಡಿ ತಮಗೆ ತಾವೇ ಹೇಳಿಕೊಂಡದ್ದನ್ನೂ ಮೇಡಂ ಕೇಳಿಸಿಕೊಂಡರು.

"ಈ ಸಲ ನಿನ್ನದೇ ಬರುತ್ತೆ ಬಿಡೋ" ಎಂದು ತಾಯಿ ಸಮಾಧಾನ ಮಾಡಿದರು. "ಎಲ್ಲರದ್ದೂ ಆಯ್ತಲ್ಲ, ಇನ್ನು ನಿನ್ನ ಸರದಿ."

"ಚೀಟಿಗೆ ಸರದಿ ಗೊತ್ತಿಲ್ಲಮ್ಮಾ. ಅದಕ್ಕೆ ನೆನಪೇ ಇಲ್ಲ. ಈ ಸಲಾನೂ ಇಪ್ಪತ್ತೇ."

ಮಾತು ಶಾಸ್ತ್ರೋಕ್ತವಾಗಿಯೇ ಇತ್ತು. ಮುಖ ಮಾತ್ರ ಶಾಸ್ತ್ರ ಕೇಳಲಿಲ್ಲ. ಗುರುವಾರ ಸಾಹೇಬರು ಕಚೇರಿಯಲ್ಲಿ ಮರುದಿನದ ಮುನ್ಸೂಚನೆಗೆ "ಇಡೀ ಆಕಾಶ ಮೋಡ, ಎಲ್ಲೂ ಬೆಳಕಿಲ್ಲ" ಎಂದು ಬರೆದರು. ಹೊರಗೆ ರಣರಣ ಬಿಸಿಲು. ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಇದು ಆಕಾಶದ್ದೋ, ನಿಮ್ಮದೋ?" ಎಂದು ಬರೆದು ವಾಪಸು ಕಳಿಸಿದರು.

ಶುಕ್ರವಾರ ರಜೆ ಹಾಕಿದ್ದರು. ಅಂದೇ ಹೊರಗೋಡೆಯ ಚೀಟಿ. ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಗೇಟಿನ ಬಳಿ ಮೇಡಂ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಅವರ ಸ್ಕೂಲಿನ ಆಫೀಸು ಹಿಂದಿನ ತಿಂಗಳಷ್ಟೇ ಮನೆಯ ಮುಂದಿನ ಕೋಣೆಗೆ ಬಂದಿತ್ತು.

"ಎಡಕ್ಕೆ ತಿರುಗಿ... ಹೂಂ, ಆಮೇಲೆ ಬೂದು ಬಣ್ಣದ ಮನೆ... ಎಲ್ಲಾನೂ ಬೂದು ಬಣ್ಣದ್ದೇನಾ? ನಮ್ಮದು ಸ್ವಲ್ಪ ಮಾಸಿದ ಬೂದು... ಎಲ್ಲಾನೂ ಮಾಸಿದೆಯಾ? ಬೋರ್ಡು ಇದೆ ನೋಡಿ, ಸಣ್ಣದು... ಎಲ್ಲಿದ್ದೀರಿ ಈಗ? ಓ, ಮೂಲೆ ಡ್ರೈವಿಂಗ್ ಸ್ಕೂಲಿಗೇ ಸೇರ್ಕೊಂಡ್ರಾ? ಪರವಾಗಿಲ್ಲ, ಪರವಾಗಿಲ್ಲ. ಚೆನ್ನಾಗಿ ಕಲೀರಿ."

ಫೋನ್ ಇಟ್ಟ ಮೇಡಂ ಸೆರಗಿನ ತುದಿಯಿಂದ ಆ ಸಣ್ಣ ಬೋರ್ಡನ್ನು ಎರಡು ಸಲ ಒರೆಸಿದರು. ಧೂಳಿರಲಿಲ್ಲ. ಆದರೂ ಒರೆಸಿದರು. ಹಿಂದೆ ಗಂಡ ನಿಂತದ್ದು ಅವರಿಗೆ ತಿಳಿಯಲಿಲ್ಲ. ಸಾಹೇಬರ ಕೈಯ ಪೈಪಿನ ನೀರು ಅಷ್ಟೂ ಹೊತ್ತು ಅವರದೇ ಚಪ್ಪಲಿಯ ಮೇಲೆ ಹರಿಯುತ್ತಿತ್ತು.

ಮೇಡಂ ಹೊರಗೋಡೆಗೆ ಹಳದಿ ಕೇಳುವುದು ಎಲ್ಲರಿಗೂ ಗೊತ್ತಿತ್ತು. ಬೀದಿಯ ತುದಿಯಿಂದಲೇ ಕಣ್ಣಿಗೆ ಹೊಡೆಯುವ ಹಳದಿ. ಸಾಹೇಬರು ಒಳಗೆ ಹೋಗಿ ಚೀಟಿ ತೆಗೆದುಕೊಂಡರು. ಲೆಕ್ಕ ಹಾಕಿದರು. ತಮ್ಮದೂ ಸೇರಿದರೆ ಹಳದಿಗೆ ಶೇಕಡಾ ನಲವತ್ತು. ಬೂದಿಗೆ ಸೊನ್ನೆ. ಪೆನ್ನು ಒಂದು ಕ್ಷಣ ತಡೆಯಿತು. ಆಮೇಲೆ "ಹಳದಿ" ಎಂದು ಬರೆದು ನಾಲ್ಕು ಮಡಿಕೆ ಮಡಿಚಿದರು. ತಮ್ಮದೇ ಸಿದ್ಧಾಂತದ ಪ್ರಕಾರ ತಾವೀಗ ಮೂರ್ಖರು ಎಂಬುದು ಅವರಿಗೆ ಗೊತ್ತಿತ್ತು. ಆದರೂ ಒಂದು ವಾರದಲ್ಲಿ ಮೊದಲ ಸಲ ಮನಸ್ಸು ಹಗುರವಾಗಿ, ಸ್ನಾನದ ಮನೆಯಲ್ಲಿ ಶಿಳ್ಳೆ ಹೊಡೆದರು.

ಹತ್ತು ಗಂಟೆಗೆ ಎಲ್ಲರೂ ಹೆಲ್ಮೆಟ್ಟಿನ ಸುತ್ತ ನೆರೆದರು. ಯಾಕೋ ಅಂದು ಯಾರೂ ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಮಗಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಮಾವ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು. ಪೇಂಟರ್ ಕೈ ಹಾಕಿದ, ಕಲಕಿದ, ಎತ್ತಿದ.

"ಹಳದಿ."

"ಭಲೇ!" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಒಂಟಿಯಾಗಿ ಕೇಳಿಸಿತು. ನೋಡಿದರೆ ನಾಲ್ವರೂ ದೆವ್ವ ಕಂಡವರಂತೆ ನಿಂತಿದ್ದಾರೆ!

"ಹಳದೀನಾ?" ಎಂದರು ಮೇಡಂ. "ಯಾರು ಬರೆದಿದ್ದು ಹಳದಿ?"

"ಯಾರು ಅಂದ್ರೆ? ನೀನೇ ತಾನೆ?"

"ನಾನು ಬೂದು ಬರೆದೆ!"

"ನಾನೂ ಬೂದು" ಎಂದಳು ಮಗಳು.

"ನಂದೂ ಅದೇ ಕಣೋ, ನಿನ್ನ ಮೋಡದ ಬಣ್ಣ" ಎಂದರು ತಾಯಿ. "ನೀನು ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ ಅಂತ ನಿನ್ನ ಹೆಂಡ್ತೀನೇ ಎಲ್ಲರಿಗೂ ಹೇಳಿ ಬರೆಸಿದ್ದು."

"ನಾನೂ ಬೂದೇ ಅಳಿಯಂದ್ರೇ. ನಡುಮನೆ ನಿಮ್ಮಿಂದಾನೇ ತಾನೆ ನಂಗೆ ಸಿಕ್ಕಿದ್ದು!"

ಮಗಳು ಉಳಿದ ನಾಲ್ಕು ಚೀಟಿಗಳನ್ನು ಬಿಡಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು. ಬೂದು, ಬೂದು, ಬೂದು, ಬೂದು. ಮೇಡಂ ಪೇಂಟರನ ಕೈಯಿಂದ ಹಳದಿಯ ಚೀಟಿ ಕಿತ್ತುಕೊಂಡು ಬೆಳಕಿಗೆ ಹಿಡಿದರು.

"ಈ ಳ ನಿಮ್ಮದು! 'ಮಳೆ' ಬರೆದೂ ಬರೆದೂ ಬಾಲ ಬೆಳೆದ ಳ. ನೀವ್ಯಾಕ್ರೀ ಹಳದಿ ಬರೆದ್ರಿ?"

"ಬೆಳಿಗ್ಗೆ... ನೀನು ಬೋರ್ಡು ಒರೆಸ್ತಾ ಇದ್ದೆ..." ಎಂದು ಸಾಹೇಬರು ತೊದಲಿದರು.

"ಅಪ್ಪಾ!" ಮಗಳು ತಲೆ ಚಚ್ಚಿಕೊಂಡಳು. "ನೀನು ನಿನ್ನದನ್ನೇ ಬರೆದಿದ್ರೆ ಐದಕ್ಕೆ ಐದೂ ಬೂದು! ನೂರಕ್ಕೆ ನೂರು! ಜೀವಮಾನದಲ್ಲಿ ಒಂದೇ ಒಂದ್ಸಲ ನಿಂಗೆ ಶೇಕಡಾ ನೂರು ಸಿಗ್ತಿತ್ತು!"

ಸಾಹೇಬರು ನೆಲದ ಮೇಲಿನ ನಾಲ್ಕು ಚೀಟಿಗಳನ್ನು ನೋಡಿದರು. ನಾಲ್ಕು ಬೂದು, ಒಂದು ಹಳದಿ. ಅವರ ಕಣ್ಣಲ್ಲಿ ಆಸೆಯ ಮಿಂಚೊಂದು ಹೊಳೆಯಿತು.

"ತಡೀರಿ, ತಡೀರಿ! ನಾಲ್ಕು ಒಂದು! ಇದು ಸ್ಪಷ್ಟ ಬಹುಮತ! ಜನಾಭಿಪ್ರಾಯ ಅಂತ ಒಂದಿದೆ, ಅದಕ್ಕೆ ಬೆಲೆ ಕೊಡಬೇಕಾದ್ದು..."

"ಅಪ್ಪಾ, ಬಹುಮತ ಅಂದ್ರೆ ದಬ್ಬಾಳಿಕೆ" ಎಂದಳು ಮಗಳು. ಒಪ್ಪಂದದ ಹಾಳೆ ಆಗಲೇ ಅವಳ ಕೈಯಲ್ಲಿತ್ತು. "ನಾಲ್ಕು ಜನ ಸೇರ್ಕೊಂಡು ಒಬ್ಬ ಬಡಪಾಯಿ ಹಳದಿಯವನನ್ನ ತುಳಿಯೋದು ಎಲ್ಲಿಯ ನ್ಯಾಯ? ಎಲ್ಲರಿಗಿಂತ ದೊಡ್ಡ ಸಹಿ ಯಾರದ್ದು, ನೋಡ್ಕೋ."

"ಆ ಹಳದಿಯವನು ನಾನೇ ಅಲ್ವೇನೇ! ನನ್ನನ್ನ ನಾನೇ ತುಳ್ಕೊಂಡ್ರೆ ನಿಂಗೇನು?"

"ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇಲ್ಲ."

ಪೇಂಟರ್ ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದವನು ನಿಟ್ಟುಸಿರುಬಿಟ್ಟು ಡಬ್ಬದ ಮುಚ್ಚಳ ಮೀಟಿದ. "ಸಾರ್, ನಂಗೆ ಎಲ್ಲಾ ಬಣ್ಣಾನೂ ಒಂದೇ. ಆದ್ರೆ ಹೀಗೆ ಒಬ್ಬರಿಗೊಬ್ಬರು ಬಿಟ್ಟುಕೊಡ್ತಾ ಕೂತ್ರೆ ಈ ಗೋಡೆ ಈ ಜನ್ಮದಲ್ಲಿ ಒಣಗಲ್ಲ."

ಮೇಡಂ ಹಳದಿಯ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಡಿಚಿ ಪರ್ಸಿನೊಳಗೆ, ತಮ್ಮ ಲೈಸೆನ್ಸಿನ ಪಕ್ಕಕ್ಕೆ ಸೇರಿಸಿದರು. ಆಮೇಲೆ, "ಚಪ್ಪಲಿ ಯಾಕ್ರೀ ಒದ್ದೆ ಆಗಿದೆ? ನೆಗಡಿ ಆಗುತ್ತೆ, ಬದಲಾಯಿಸಿ" ಎಂದರು. ಮೂವತ್ತು ವರ್ಷ ಹತ್ತಿರವಾಗುತ್ತಿದ್ದ ಸಂಸಾರದಲ್ಲಿ ಆ ಮಾತಿನ ಅರ್ಥ ಸಾಹೇಬರಿಗೆ ಗೊತ್ತಿತ್ತು. ಬೇರೆ ಚಪ್ಪಲಿ ಹಾಕಿಕೊಂಡು ಬಂದು ತಾವೇ ಏಣಿ ಹಿಡಿದರು.

ಮನೆ ಹಳದಿಯಾಯಿತು. ಹಳದಿ ಎಂದರೆ ಅಂತಿಂಥ ಹಳದಿಯಲ್ಲ! ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದವರು ಬೀದಿ ಬಂದಾಗ ಎಚ್ಚರಾಗುತ್ತಿದ್ದರು. ಮೇಡಂ ಫೋನಿನಲ್ಲಿ ಈಗ ಎಡ ಬಲ ಹೇಳುತ್ತಿರಲಿಲ್ಲ. "ಬೀದಿಗೆ ಬನ್ನಿ, ನಿಮಗೇ ಗೊತ್ತಾಗುತ್ತೆ" ಎಂದಷ್ಟೇ ಹೇಳಿ ಇಡುತ್ತಿದ್ದರು. ಎರಡೇ ವಾರದಲ್ಲಿ ಒಂಬತ್ತು ಮಂದಿ ಹೊಸಬರು ಸೇರಿದರು. ಸಂಜೆ ಎಲ್ಲರೂ ಕೆಂಪು ಹಸಿರಿನ ನಡುಮನೆಯಲ್ಲಿ ಕೂತು ಕಾಫಿ ಕುಡಿಯುವಾಗ ಸಾಹೇಬರಿಗೆ, ಯಾವ ಗೋಡೆಯೂ ತಮ್ಮದಲ್ಲದ ಈ ಮನೆ ಮೊದಲಿಗಿಂತ ಚೆನ್ನಾಗಿದೆ ಎನಿಸತೊಡಗಿತ್ತು. ಬೆಕ್ಕನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಎದುರುಮನೆಯ ಹಲ್ಲಿನ ಡಾಕ್ಟರು ಗೇಟು ತೆರೆದು ಬಂದರು. ಅವರ ಕ್ಲಿನಿಕ್ಕಿನ ದೊಡ್ಡ ಕಿಟಕಿ ಈ ಗೋಡೆಗೇ ನೇರವಾಗಿತ್ತು. ಜಗಳಕ್ಕೇ ಬಂದರೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ಈ ಬಣ್ಣ ಯಾರು ಆರಿಸಿದ್ದು?" ಎಂದರು ಡಾಕ್ಟರು ಗಂಭೀರವಾಗಿ.

ನಾಲ್ಕು ಬೆರಳುಗಳು ಏಕಕಾಲಕ್ಕೆ ಸಾಹೇಬರತ್ತ ತಿರುಗಿದವು.

ಡಾಕ್ಟರು ಓಡಿಬಂದು ಸಾಹೇಬರ ಎರಡೂ ಕೈ ಹಿಡಿದುಕೊಂಡರು. "ಸಾರ್, ನಿಮ್ಮ ಉಪಕಾರ ಮರೆಯೋ ಹಾಗಿಲ್ಲ! ನಿಮ್ಮ ಗೋಡೆಯ ಬೆಳಕು ನೇರ ನನ್ನ ಕುರ್ಚಿ ಮೇಲೆ ಬೀಳುತ್ತೆ. ಕನ್ನಡಿ ಕೊಟ್ರೆ ಸಾಕು, ಬಂದೋರಿಗೆಲ್ಲ ಅವರವರ ಹಲ್ಲು ಹಳದಿ ಹಳದಿ ಕಾಣುತ್ತೆ! 'ಇದು ಗೋಡೆಯ ಬೆಳಕು ಸ್ವಾಮಿ, ನಿಮ್ಮ ಹಲ್ಲು ಚೆನ್ನಾಗೇ ಇದೆ' ಅಂತ ನಾನೇ ಹೇಳ್ತೀನಿ. ಯಾರೂ ನಂಬಲ್ಲ, ಕ್ಲೀನ್ ಮಾಡಿಸ್ಕೊಂಡೇ ಹೋಗ್ತಾರೆ!"

ಹೊಗಳಿಕೆ ಕೇಳಿ ಎಷ್ಟು ಕಾಲವಾಗಿತ್ತೋ! ಸಾಹೇಬರು ಹೆಂಡತಿಯ ಕಡೆ ಒಮ್ಮೆ, ಮಗಳ ಕಡೆ ಒಮ್ಮೆ ತಿರುಗಿ ಮೂವತ್ತೆರಡೂ ಹಲ್ಲು ಬಿಟ್ಟು ನಕ್ಕರು.

ಡಾಕ್ಟರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಾಹೇಬರ ಮೊಣಕೈ ಹಿಡಿದು ಹಳದಿ ಗೋಡೆಯಿಂದ ದೂರ, ಗೇಟಿನಾಚೆ ಬಾದಾಮಿ ಮರದ ನೆರಳಿಗೆ ಕರೆದೊಯ್ದು ಇನ್ನೊಮ್ಮೆ ನೋಡಿದರು. ಆಮೇಲೆ ಮೃದುವಾಗಿ ಹೇಳಿದರು:

"ನಾಳೆ ಬೆಳಿಗ್ಗೆ ಬಂದ್ಬಿಡಿ ಸಾರ್. ನಿಮ್ಮದು ಗೋಡೆಯದ್ದಲ್ಲ."